ಇಲ್ಲ ಎನ್ನಲಾರದ ಕತ್ತು

ಒಂದು ಬೆಳಿಗ್ಗೆ ಎದ್ದಾಗ ಕತ್ತು ಹಿಡಿದುಕೊಂಡಿತ್ತು. ಬಲಕ್ಕೆ ಸ್ವಲ್ಪ ತಿರುಗುತ್ತಿತ್ತು, ಎಡಕ್ಕೆ ಸುತರಾಂ ಇಲ್ಲ. ತಪ್ಪನ್ನು ದಿಂಬಿನ ಮೇಲೆ ಹಾಕಿದೆ. ದಿಂಬು ಬದಲಾಯಿತು, ಮಲಗುವ ಮಗ್ಗುಲು ಬದಲಾಯಿತು, ಕೊನೆಗೆ ದಿಂಬೇ ಬೇಡ ಎಂದು ತೀರ್ಮಾನವಾಯಿತು. ಎರಡು ವಾರ ಕಳೆದರೂ ಕತ್ತು ಮಾತ್ರ ಹಟ ಬಿಡಲಿಲ್ಲ.

ಯಾರಾದರೂ ಹಿಂದಿನಿಂದ ಕರೆದರೆ ಬೀರು ತಿರುಗಿಸಿದ ಹಾಗೆ ಇಡೀ ಮೈ ತಿರುಗಿಸಬೇಕು. ಪಕ್ಕದಲ್ಲಿ ಕುಳಿತವರಿಗೆ ಕಣ್ಣಂಚಿನಲ್ಲೇ ಉತ್ತರ. "ಯಾಕೋ ನಿನಗೆ ಜಂಬ ಜಾಸ್ತಿ ಆಗಿದೆ" ಎಂದು ಗೆಳೆಯನೊಬ್ಬ ಮುಖಕ್ಕೇ ಹೇಳಿದ. ಅದೇ ವಾರ, ಕರೆದ ಕೂಡಲೇ ಪೂರ್ತಿ ತಿರುಗಿ ನಿಂತೆ ಎಂದು ಹಿರಿಯರೊಬ್ಬರು ನನ್ನ ವಿನಯವನ್ನು ಮೆಚ್ಚಿಕೊಂಡರು.

ನಿಜವಾದ ಫಜೀತಿ ಬೇರೆಯೇ ಇತ್ತು. ಹೌದು ಎಂದು ತಲೆಯಾಡಿಸಲು ಆಗುತ್ತಿತ್ತು, ಇಲ್ಲ ಎಂದು ಅಲ್ಲಾಡಿಸಲು ಆಗುತ್ತಿರಲಿಲ್ಲ. ಬಾಯಿ ಇರಲಿಲ್ಲವಾ ಎಂದು ನೀವು ಕೇಳಬಹುದು. ಬಾಯಿಬಿಟ್ಟು ಇಲ್ಲ ಎನ್ನುವುದು ನನಗೆ ಮೊದಲಿಂದಲೂ ಕಷ್ಟ. ತಲೆ ಅಲ್ಲಾಡಿಸಿಯೇ ಪಾರಾಗುತ್ತಿದ್ದವನು ನಾನು. ಆಫೀಸಿನಲ್ಲಿ ಸಾಹೇಬರು "ಇದನ್ನೂ ನೀವೇ ನೋಡ್ಕೋತೀರಾ?" ಎನ್ನುತ್ತಿದ್ದರು. ತಲೆ ತನಗೆ ಬರುತ್ತಿದ್ದ ಒಂದೇ ದಿಕ್ಕಿನಲ್ಲಿ ಆಡುತ್ತಿತ್ತು. ಹದಿನೈದು ದಿನದಲ್ಲಿ ನನ್ನ ಮೇಜಿನ ಮೇಲೆ ಮೂರು ಜನರ ಕೆಲಸ ಸೇರಿತು.

ಕತ್ತಿನಲ್ಲಿ ಹೌದಿಗೂ ಇಲ್ಲಕ್ಕೂ ನಿಜವಾಗಿಯೂ ಬೇರೆ ಬೇರೆ ಕೀಲುಗಳಿವೆ ಎಂದು ಆಮೇಲೆ ಗೊತ್ತಾಯಿತು. ಕತ್ತಿನ ಮೂಳೆಗಳು 7. ಜಿರಾಫೆಗೂ 7 ಅಂತೆ, ಅದರ ಕಷ್ಟ ಅದಕ್ಕೇ ಗೊತ್ತು. ಮೊದಲ ಮೂಳೆಯ ಹೆಸರು ಅಟ್ಲಾಸ್. ಗ್ರೀಕ್ ಕಥೆಯಲ್ಲಿ ಆಕಾಶ ಹೊತ್ತು ನಿಂತವನ ಹೆಸರು ಅದು. ತಲೆಬುರುಡೆ ಅದರ ಮೇಲೆ ಕುಳಿತು ಹಿಂದೆ ಮುಂದೆ ಆಡಿದರೆ ಹೌದು. ಎರಡನೆಯ ಮೂಳೆಯಿಂದ ಗೂಟದಂಥದ್ದು ಮೇಲೆದ್ದಿರುತ್ತದೆ. ಅಟ್ಲಾಸ್ ಅದರ ಸುತ್ತ ತಿರುಗಿದರೆ ಇಲ್ಲ. ಕತ್ತು ತಿರುಗುವುದರಲ್ಲಿ ಸುಮಾರು ಅರ್ಧ ಅಲ್ಲೇ ಮುಗಿಯುತ್ತದೆ. ಉಳಿದರ್ಧವನ್ನು ಕೆಳಗಿನ ಮೂಳೆಗಳು ಹಂಚಿಕೊಳ್ಳುತ್ತವೆ. ಸವೆತ ಹೆಚ್ಚಾಗಿ ಕಾಣಿಸುವುದು ಈ ಕೆಳಗಿನವುಗಳಲ್ಲಿ, ಅದರಲ್ಲೂ 5, 6, 7ನೆಯ ಮೂಳೆಗಳ ನಡುವೆ. ನನ್ನದೂ ಅಲ್ಲೇ.

ಎಕ್ಸ್‌ರೇ ವರದಿಯಲ್ಲಿ 'ಡಿಜೆನರೇಟಿವ್', ಅಂದರೆ ಸವೆದು ಕ್ಷೀಣಿಸುತ್ತಿರುವುದು, ಎಂಬ ಪದ ಕಂಡು ಎದೆ ಧಸಕ್ಕೆಂದಿತು. ಡಾಕ್ಟರು ಮಾತ್ರ ಮಾಮೂಲಿ ಎಂಬಂತೆ ಹೇಳಿದರು: ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್‌ಗಳು ವಯಸ್ಸಾದಂತೆ ನೀರು ಕಳೆದುಕೊಂಡು ತೆಳ್ಳಗಾಗುತ್ತವೆ. ಹಿಂದಿನ ಪುಟ್ಟ ಕೀಲುಗಳು ಸವೆಯುತ್ತವೆ. ಅಂಚಿನಲ್ಲಿ ಮೂಳೆ ಮುಳ್ಳಿನ ಹಾಗೆ ಬೆಳೆಯುತ್ತದೆ. ಇದರ ಹೆಸರು ಸರ್ವೈಕಲ್ ಸ್ಪಾಂಡಿಲೋಸಿಸ್. 60 ದಾಟಿದವರಲ್ಲಿ ಬಹುಪಾಲು ಜನರ ಎಕ್ಸ್‌ರೇಯಲ್ಲಿ ಇದು ಕಾಣುತ್ತದೆ, ಅವರಲ್ಲಿ ಎಷ್ಟೋ ಜನರಿಗೆ ನೋವೇ ಇರುವುದಿಲ್ಲ. "ಫೋಟೋ ನೋಡಿ ಹೆದರಬೇಡಿ. ನಾನು ನೋಡೋದು ನಿಮ್ಮನ್ನ, ಫೋಟೋನಲ್ಲ" ಎಂದರು.

ನೋಡಿದ ರೀತಿ ವಿಚಿತ್ರವಾಗಿತ್ತು. ಕೈಗೆ ನೋವು ಇಳಿಯುತ್ತಾ, ಬೆರಳು ಜೋಮು ಹಿಡಿಯುತ್ತಾ ಎಂದು ಕೇಳಿದರು. ಅದು ಸರಿ. ಅಂಗಿ ಗುಂಡಿ ಹಾಕೋಕೆ ತಡವರಿಸುತ್ತೀರಾ? ನಡೆಯುವಾಗ ತೂರಾಡುತ್ತಾ? ಮೂತ್ರ ಕಟ್ಟುತ್ತಾ? ಬೇರೆ ಯಾರದೋ ಚೀಟಿ ಹಿಡಿದು ಕೇಳುತ್ತಿದ್ದಾರೆ ಎಂದುಕೊಂಡೆ. ಹಾಗಲ್ಲವಂತೆ. ತೋಳಿಗೆ ಹೋಗುವ ನರ ಒತ್ತಿಕೊಂಡರೆ ನೋವು, ಜೋಮು ಕೈಗೆ ಇಳಿಯುತ್ತದೆ. ಬೆನ್ನುಹುರಿಯೇ ಒತ್ತಿಕೊಂಡರೆ ಕೈ ಚುರುಕು ತಪ್ಪುತ್ತದೆ, ಕಾಲು ಹಿಡಿತ ತಪ್ಪುತ್ತದೆ. ಅಂಥದ್ದು ಕಂಡರೆ ಮನೆಮದ್ದು ಮಾಡುತ್ತಾ ಕೂರದೆ ಆಸ್ಪತ್ರೆಗೆ ಓಡಬೇಕು. ಬಿದ್ದು ಪೆಟ್ಟಾದ ಮೇಲೆ ಬಂದ ನೋವು, ಜ್ವರದ ಜೊತೆ ಬಂದ ನೋವು, ಇವಕ್ಕೂ ಅದೇ ಮಾತು. ನನಗೆ ಯಾವುದೂ ಇರಲಿಲ್ಲ.

ಪಟ್ಟಿ ಕೊಡುತ್ತಾರೆ ಎಂದು ಆಸೆಯಿಂದ ಕಾದಿದ್ದೆ. ಅದೇ, ಕತ್ತಿಗೆ ಸುತ್ತುವ ಕಾಲರ್. ಕತ್ತುನೋವು ಕಣ್ಣಿಗೆ ಕಾಣುವುದಿಲ್ಲ. ಕಾಲರ್ ಕಾಣುತ್ತದೆ. ಅದನ್ನು ಹಾಕಿಕೊಂಡವನಿಗೆ ಯಾರೂ ಹೊಸ ಕೆಲಸ ಹೇಳುವುದಿಲ್ಲ. ಡಾಕ್ಟರು ನನ್ನ ಆಸೆಗೆ ತಣ್ಣೀರೆರಚಿದರು. ಜಾಸ್ತಿ ದಿನ ಹಾಕಿದರೆ ಸ್ನಾಯುಗಳು ಸೋಮಾರಿಯಾಗಿ ಇನ್ನಷ್ಟು ಬಿಗಿಯುತ್ತವಂತೆ. ಬಿಸಿ ಶಾಖ, ಕೆಲವೇ ದಿನಕ್ಕೆ ನೋವಿನ ಮಾತ್ರೆ, ಆಮೇಲೆ ಕತ್ತನ್ನು ಆಡಿಸುವುದು. ನೋಯುವುದನ್ನು ಆಡಿಸಬಾರದು ಎಂದೇ ನಂಬಿದ್ದವನಿಗೆ ಇದು ತಲೆಕೆಳಗಾದ ಮಾತು.

ಫಿಸಿಯೋಥೆರಪಿಯ ಹುಡುಗಿ ವ್ಯಾಯಾಮ ಕಲಿಸಿದಳು. ಹಣೆಗೆ ಅಂಗೈ ಒತ್ತಿ, ತಲೆಯಿಂದ ಕೈಯನ್ನು ತಳ್ಳಬೇಕು, ಕೈ ಬಿಟ್ಟುಕೊಡಬಾರದು. ಐದು ಎಣಿಸಿ ಸಡಿಲ ಬಿಡುವುದು. ಹಾಗೆಯೇ ನಾಲ್ಕೂ ಕಡೆ. ನಾನೇ ತಳ್ಳುವುದು, ನಾನೇ ತಡೆಯುವುದು, ಎಲ್ಲಿಗೂ ಹೋಗದಿರುವುದು. ಇದು ನನಗೆ ಬಹಳ ವರ್ಷದಿಂದ ಅಭ್ಯಾಸವಿತ್ತು, ವ್ಯಾಯಾಮ ಎಂದು ಗೊತ್ತಿರಲಿಲ್ಲ ಅಷ್ಟೆ. ಇನ್ನೊಂದು, ಗಲ್ಲವನ್ನು ನೇರ ಹಿಂದಕ್ಕೆ ಎಳೆಯುವುದು. ಕತ್ತಿಗೆ ಒಳ್ಳೆಯದು, ಮುಖಕ್ಕೆ ಅಲ್ಲ. ಕನ್ನಡಿಯಲ್ಲಿ ನನಗೆ ಎರಡು ಗಲ್ಲ ಕಾಣುತ್ತಿದ್ದವು. ಮಗಳು "ಅಪ್ಪಾ, ಮೂರು" ಎಂದು ತಿದ್ದಿದಳು. ತಿರುಗಿಸುವಾಗ ಕತ್ತಿನೊಳಗೆ ಮರಳು ಅರೆದಂಥ ಸದ್ದು ಬಂದರೆ ಗಾಬರಿ ಬೇಡ, ನೋವಿಲ್ಲದ ಸದ್ದು ಸದ್ದಷ್ಟೆ ಎಂದೂ ಆ ಹುಡುಗಿ ಹೇಳಿದ್ದಳು. ಲಟಕ್ ಎಂದು ಒಂದೇ ಏಟಿಗೆ ಸರಿಮಾಡುತ್ತೇನೆ ಎಂದು ಬರುವವರ ಕೈಗೆ ಮಾತ್ರ ಕತ್ತು ಕೊಡಬೇಡಿ ಎಂದಳು. ಮಿದುಳಿಗೆ ರಕ್ತ ಒಯ್ಯುವ ಕೊಳವೆಗಳು ಅದೇ ದಾರಿಯಲ್ಲಿ ಹೋಗುತ್ತವೆ.

ತಲೆಯ ತೂಕ ಸುಮಾರು 5 ಕಿಲೋ. ಬಗ್ಗಿದಷ್ಟೂ ಕತ್ತಿಗೆ ಭಾರ ಹೆಚ್ಚು. ಹಾಗಾಗಿ ಫೋನನ್ನು ಕಣ್ಣೆತ್ತರಕ್ಕೆ ಹಿಡಿಯಲು ಶುರುಮಾಡಿದೆ. ಎದುರಿಗಿದ್ದವರು ಫೋಟೋ ತೆಗೆಯುತ್ತಿದ್ದೇನೆ ಎಂದು ಒಬ್ಬೊಬ್ಬರಾಗಿ ಕೂದಲು ಸರಿಮಾಡಿಕೊಂಡರು. ಕಂಪ್ಯೂಟರಿನ ಕೆಳಗೆ ಮೂರು ದಪ್ಪ ಪುಸ್ತಕ ಇಟ್ಟೆ. ಕೊಂಡ ಮೇಲೆ ಅವುಗಳನ್ನು ಬಳಸಿದ್ದು ಇದೇ ಮೊದಲು. ದಿಂಬು ಮತ್ತೆ ಬಂತು, ಒಂದೇ ಒಂದು. ಮಗ್ಗುಲಾಗಿ ಮಲಗಿದಾಗ ಕಿವಿಗೂ ಹಾಸಿಗೆಗೂ ನಡುವಿನ ಸಂದು ತುಂಬುವಷ್ಟು. ಪಾಪದ ದಿಂಬು, ಸುಮ್ನೆ ಬೈಸಿಕೊಂಡಿತ್ತು.

ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಚಳಿಯಿರಲಿ ಇಲ್ಲದಿರಲಿ, ಕೆಲವು ಬೆಳಿಗ್ಗೆ ಕತ್ತು ಇನ್ನೂ ಮುನಿಸಿಕೊಂಡೇ ಏಳುತ್ತದೆ. ಆದರೆ ಎರಡು ತಿಂಗಳಾಗುವ ಹೊತ್ತಿಗೆ ಎಡಗಡೆ ಏನಿದೆ ಎಂದು ಮೈ ತಿರುಗಿಸದೆ ನೋಡುವಂತಾಯಿತು.

ಮೊನ್ನೆ ಸಾಹೇಬರು ಮತ್ತೊಂದು ಫೈಲು ಹಿಡಿದು ಬಂದರು. "ಇದನ್ನೂ ನೀವೇ..." ಎನ್ನುವಷ್ಟರಲ್ಲಿ ನನ್ನ ತಲೆ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಒಳಗಿಂದ ಕಟಕಟ ಎಂದು ಅವರಿಗೂ ಕೇಳುವಷ್ಟು ಸದ್ದು.

"ಏನ್ರೀ ಅದು ಶಬ್ದ?" ಎಂದರು.

"ಇಲ್ಲ ಅಂದಿದ್ದು, ಸರ್" ಎಂದೆ.