ನಾಳೆ ಬಾ, ಪಿಚರಪ್ಪ

ಬೇಸ್‌ಬಾಲ್ ಮಾರ್ಚ್ ಕೊನೆಗೆ ಶುರುವಾಗಿ ಸೆಪ್ಟೆಂಬರ್ ಕೊನೆಗೆ ಮುಗಿಯುತ್ತದೆ. ಒಂದು ತಂಡಕ್ಕೆ 162 ಪಂದ್ಯ. ಅದು ಬೇರೆಯವರಿಗೆ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಅಭಿಮಾನಿಗಳಾದ ನಮಗೆ ನಿಜವಾದ ಆಟ ಶುರುವಾಗುವುದೇ ನವೆಂಬರ್‌ನಲ್ಲಿ. ಫೆಬ್ರವರಿವರೆಗೆ ಯಾರೂ ಚೆಂಡು ಎಸೆಯುವುದಿಲ್ಲ, ಯಾರೂ ಬ್ಯಾಟ್ ಬೀಸುವುದಿಲ್ಲ. ಯಾವ ಆಟಗಾರ ಎಷ್ಟು ಕೋಟಿಗೆ ಎಲ್ಲಿಗೆ ಹೋದ ಅಂತ ಫೋನ್ ಹಿಡ್ಕೊಂಡು ಕೂತಿರುವುದೇ ಕೆಲಸ.

“ಆಟ ಇದ್ದಾಗಲೂ ನೋಡ್ತೀರಿ, ಇಲ್ಲದಾಗಲೂ ನೋಡ್ತೀರಿ. ಇಲ್ಲದಾಗ ಏನ್ರೀ ನೋಡೋದು?” ಅಂತ ಹೆಂಡತಿ ಕೇಳಿದಳು.

“ಪಿಚರ್ ಬರ್ತಾನೇನೋ ಅಂತ.”

“ಬಂದ್ನಾ?”

“ಇಲ್ಲ.”

“ಹೋದ ವರ್ಷ?”

“ಬಂದಿದ್ದ. 42 ವಯಸ್ಸು.”

ಅವಳು ಒಗ್ಗರಣೆ ಹಾಕೋಕೆ ಹೋದಳು.

ಕ್ರಿಕೆಟ್ ಮಾತ್ರ ಗೊತ್ತಿರುವವರಿಗೆ ಒಂದು ಮಾತು. ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಆದರೆ ಇಲ್ಲಿ ಓವರ್ ಬದಲಾಗುವುದಿಲ್ಲ. ಪಂದ್ಯದ ಒಂಬತ್ತು ಪುಟ್ಟ ಇನಿಂಗ್ಸ್‌ನಲ್ಲಿ ಒಬ್ಬನೇ ನಿಂತು ಐದಾರು ಇನಿಂಗ್ಸ್, ನೂರರ ಹತ್ತಿರ ಚೆಂಡು ಎಸೆಯುತ್ತಾನೆ. ಆಮೇಲೆ ನಾಲ್ಕೈದು ದಿನ ಆ ಕೈಗೆ ರಜೆ. ಹಾಗಾಗಿ ಒಂದು ತಂಡಕ್ಕೆ ಇಂಥವರು ಐದು ಜನ ಬೇಕು. ನಮ್ಮಲ್ಲಿ ಲೋಗನ್ ವೆಬ್ ಇದ್ದಾನೆ. 2023ರಿಂದ 2025ರವರೆಗೆ ವರ್ಷಕ್ಕೆ 200ಕ್ಕೂ ಹೆಚ್ಚು ಇನಿಂಗ್ಸ್ ಎಳೆದ ಎತ್ತು. ಎರಡನೆಯವನು ರಾಬಿ ರೇ, ಪರವಾಗಿಲ್ಲ. ಮೂರು, ನಾಲ್ಕು, ಐದು ಅಂತ ಎಣಿಸುವಾಗ ಬೆರಳು ಸಿಗುತ್ತೆ, ಗಟ್ಟಿ ಹೆಸರು ಸಿಗಲ್ಲ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಬೆಳೆದವರಿಗೆ ನೆನಪಿರಬಹುದು. ರಾತ್ರಿ ದೆವ್ವ ಬಂದು ಗೊತ್ತಿರುವವರ ದನಿಯಲ್ಲಿ ಕರೆಯುತ್ತೆ ಅಂತ ಸುದ್ದಿ ಹಬ್ಬಿ, ಜನ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ದೆವ್ವ ಓದಿ, ಸರಿ ಅಂತ ವಾಪಸ್ ಹೋಗುತ್ತಿತ್ತು. ಮರುದಿನ ಬಂದರೆ ಮತ್ತೆ ಅದೇ ಬರಹ. ಸ್ಯಾನ್ ಫ್ರಾನ್ಸಿಸ್ಕೊದ ಸಮುದ್ರದ ಪಕ್ಕ ಇರುವ ನಮ್ಮ ಚಂದದ ಮೈದಾನದ ಗೇಟಿನ ಮೇಲೂ ಯಾರೋ ಕನ್ನಡಿಗ ಅದನ್ನು ಬರೆದುಬಿಟ್ಟಿದ್ದಾನೆ ಅಂತ ನನ್ನ ಅನುಮಾನ. (ನಾನಂತೂ ಅಲ್ಲ.) ದೊಡ್ಡ ಆಟಗಾರ ಬರ್ತಾನೆ, ಓದ್ತಾನೆ, ಬೇರೆ ಊರಿಗೆ ಹೋಗ್ತಾನೆ.

2022ರ ಡಿಸೆಂಬರ್ ನೋಡಿ. ಆರನ್ ಜಡ್ಜ್ ಈ ಕಡೆಯ ಹುಡುಗ, ಕ್ಯಾಲಿಫೋರ್ನಿಯಾದ ಲಿಂಡೆನ್ ಅನ್ನೋ ಸಣ್ಣ ಊರಿನವನು. ಆ ವರ್ಷ 62 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದಿದ್ದ. ‘ಆರ್ಸನ್ ಜಡ್ಜ್ ಜೈಂಟ್ಸ್ ಕಡೆ ಹೊರಟ ಹಾಗಿದೆ’ ಅಂತ ಒಬ್ಬ ಹೆಸರಾಂತ ವರದಿಗಾರ ಟ್ವೀಟ್ ಮಾಡಿದ. ಅವಸರದಲ್ಲಿ ಆರನ್ ಹೋಗಿ ಆರ್ಸನ್ ಆಗಿತ್ತು. ಇಂಗ್ಲಿಷಿನಲ್ಲಿ ಆರ್ಸನ್ ಅಂದರೆ ಬೆಂಕಿ ಹಚ್ಚೋದು. ಹಚ್ಚಿತು, ನಮ್ಮ ಹೊಟ್ಟೆಗೆ. ಕೆಲವೇ ನಿಮಿಷದಲ್ಲಿ ಸುದ್ದಿ ವಾಪಸ್. ಮರುದಿನ ಜಡ್ಜ್ 9 ವರ್ಷಕ್ಕೆ, 36 ಕೋಟಿ ಡಾಲರಿಗೆ ನ್ಯೂಯಾರ್ಕ್ ಯಾಂಕೀಸ್‌ನಲ್ಲೇ ಉಳಿದ. ಆ ಕೆಲವು ನಿಮಿಷದಲ್ಲಿ ನಾನು ಆಫೀಸಿನಲ್ಲಿ ಮೈಸೂರು ಪಾಕ್ ಹಂಚಿ ಮುಗಿಸಿದ್ದೆ. ವಾಪಸ್ ಕೇಳೋಕಾಗುತ್ತಾ?

ಅದಾಗಿ ವಾರದೊಳಗೆ ಕಾರ್ಲೋಸ್ ಕೊರಿಯಾ ಒಪ್ಪಿದ. 13 ವರ್ಷ, 35 ಕೋಟಿ ಡಾಲರ್. ಡಿಸೆಂಬರ್ 20ಕ್ಕೆ ಪತ್ರಿಕಾಗೋಷ್ಠಿ. ಚಪ್ಪರ ಎದ್ದಿದೆ, ವಾಲಗದವರು ಬಂದಿದ್ದಾರೆ ಅಂತಲೇ ಇಟ್ಟುಕೊಳ್ಳಿ. ಅಷ್ಟರಲ್ಲಿ ವೈದ್ಯಕೀಯ ಪರೀಕ್ಷೆಯಲ್ಲಿ ಹುಡುಗನ ಕಾಲಿನ ಹಳೇ ಗಾಯ ಕಣ್ಣಿಗೆ ಬಿತ್ತು. ಗಾಯ ಆಗಿದ್ದು 2014ರಲ್ಲಿ. ಗೋಷ್ಠಿ ರದ್ದು. ಬೆಳಗಾಗುವುದರೊಳಗೆ ನ್ಯೂಯಾರ್ಕ್ ಮೆಟ್ಸ್ ಕಡೆಯವರು 12 ವರ್ಷಕ್ಕೆ 31.5 ಕೋಟಿ ಅಂತ ತಾಂಬೂಲ ಬದಲಾಯಿಸಿಕೊಂಡರು. ಅವರ ಡಾಕ್ಟರೂ ಕಾಲು ನೋಡಿದರು, ಅವರೂ ಹಿಂದೆ ಸರಿದರು. ಕೊನೆಗೆ ಹುಡುಗ ಮೊದಲಿದ್ದ ಮಿನೆಸೋಟಕ್ಕೇ ವಾಪಸ್, 6 ವರ್ಷಕ್ಕೆ 20 ಕೋಟಿ. ಒಂದೇ ಕಾಲಿನ ಮೇಲೆ, ತಿಂಗಳೊಳಗೆ, ಮೂರು ಊರಲ್ಲಿ ನಿಶ್ಚಿತಾರ್ಥ.

ಇವರಿಬ್ಬರೂ ಪಿಚರ್‌ಗಳಲ್ಲ, ನಿಜ. ರೋಗ ಹಳೆಯದು ಅಂತ ಗೊತ್ತಾಗಲಿ ಅಂತ ಹೇಳಿದೆ.

ಮರುವರ್ಷ ಶೋಹೇ ಓಟಾನಿ. ಪಿಚಿಂಗೂ ಮಾಡ್ತಾನೆ, ಬ್ಯಾಟಿಂಗೂ ಮಾಡ್ತಾನೆ, ಎರಡರಲ್ಲೂ ಮೊದಲ ಸಾಲು. 10 ವರ್ಷಕ್ಕೆ 70 ಕೋಟಿ ಡಾಲರ್. ಹೋಗಿದ್ದು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ, ಅಂದರೆ ನಮ್ಮ ದಾಯಾದಿಗಳ ಮನೆಗೆ. ನಾವೂ ಹೆಚ್ಚುಕಮ್ಮಿ ಅದೇ ಕರಾರು ಮುಂದಿಟ್ಟಿದ್ದೆವು ಅಂತ ಆಗಿನ ನಮ್ಮ ತಂಡದ ಮುಖ್ಯಸ್ಥರು ಹೇಳಿದರು. ಇದನ್ನು ಕೇಳಿ ನಾವು ಅಭಿಮಾನಿಗಳು ನಿಜವಾಗಲೂ ಸಮಾಧಾನ ಮಾಡ್ಕೊಂಡ್ವಿ! ‘ನಾವೂ ಕೇಳಿದ್ವಿ’ ಅನ್ನುವುದಕ್ಕೆ ಒಂದು ಕಪ್ ಇಟ್ಟಿದ್ದರೆ ನಮ್ಮ ಕಪಾಟಿನಲ್ಲಿ ಜಾಗ ಇರುತ್ತಿರಲಿಲ್ಲ. ಅದೇ ತಿಂಗಳು ಯೋಶಿನೋಬು ಯಮಮೊಟೊ, 32.5 ಕೋಟಿ, ಅವನೂ ಡಾಡ್ಜರ್ಸ್. ಆಮೇಲೆ ರೋಕಿ ಸಾಸಾಕಿ, ಡಾಡ್ಜರ್ಸ್. ಕಾರ್ಬಿನ್ ಬರ್ನ್ಸ್ ಒಬ್ಬ ದಾರಿ ತಪ್ಪಿ ಅರಿಜೋನಕ್ಕೆ ಹೋದ.

ಓಟಾನಿಯ ಲೆಕ್ಕ ಇನ್ನೂ ಚೆನ್ನಾಗಿದೆ. 70 ಕೋಟಿಯಲ್ಲಿ 68 ಕೋಟಿ ಉದ್ರಿ. ಈಗ ವರ್ಷಕ್ಕೆ ಬರೀ 20 ಲಕ್ಷ ಡಾಲರ್ ಕೈಗೆ. ಉಳಿದಿದ್ದು 2034ರಿಂದ 2043ರವರೆಗೆ, ಬಡ್ಡಿ ಇಲ್ಲದೆ. ನಮ್ಮೂರ ಕಿರಾಣಿ ಅಂಗಡಿಯಲ್ಲಿ ‘ಇಂದು ನಗದು, ನಾಳೆ ಉದ್ರಿ’ ಅಂತ ಬೋರ್ಡ್ ನೇತಾಡುತ್ತಿತ್ತು. ಡಾಡ್ಜರ್ಸ್ ಅದನ್ನು ತಿರುಗಿಸಿ ನೇತುಹಾಕಿದ್ದಾರೆ. ಇಂದು ಉದ್ರಿ, ನಾಳೆ ನಗದು. 2024ರಲ್ಲಿ ಕಪ್, 2025ರಲ್ಲಿ ಕಪ್, ಬಿಲ್ಲು 2034ಕ್ಕೆ. 2025ರ ಫೈನಲ್ ಸರಣಿಯಲ್ಲಿ ಒಬ್ಬನೇ ಮೂರು ಪಂದ್ಯ ಗೆದ್ದುಕೊಟ್ಟವನು ಅದೇ ಯಮಮೊಟೊ. ಹೌದು, ನಾವೂ ಕೇಳಿದ್ವಿ.

ನನ್ನ ಭಾಮೈದ ಲಾಸ್ ಏಂಜಲೀಸ್ ಹತ್ತಿರ ಇರ್ತಾನೆ. ಕಪ್ ಗೆದ್ದ ರಾತ್ರಿ ಫೋನ್ ಮಾಡಿದ. “ಭಾವ, ಬಡ್ಡಿ ಇಲ್ಲದ ಸಾಲ ಸಿಕ್ಕರೆ ಯಾರು ಬಿಡ್ತಾರೆ ಹೇಳಿ?” ನನ್ನ ಮನೆ ಸಾಲದ ಬ್ಯಾಂಕಿನವರು ಇಂಥ ಮಾತು ಒಂದು ದಿನವೂ ಆಡಿಲ್ಲ. 2034ರಿಂದ ಕಟ್ಟಿ ಸಾಕು ಅಂದಿದ್ದರೆ ನಾನೂ ಮನೆಗೊಬ್ಬ ಪಿಚರ್ ಇಟ್ಟುಕೊಳ್ತಿದ್ದೆ.

ಈಗ ನಮ್ಮ ಅಂಕಪಟ್ಟಿ. 2021ರಲ್ಲಿ 107 ಗೆಲುವು, ಹೇಗೆ ಅಂತ ಇವತ್ತಿಗೂ ಯಾರಿಗೂ ಅರ್ಥವಾಗಿಲ್ಲ. 2022ರಲ್ಲಿ 81. 2023ರಲ್ಲಿ 79. 2024ರಲ್ಲಿ 80. 2025ರಲ್ಲಿ 81 ಗೆಲುವು, 81 ಸೋಲು. ಶೆಟ್ಟರ ಅಂಗಡಿ ತಕ್ಕಡಿ ಕೂಡ ಇಷ್ಟು ಸರಿಯಾಗಿ ತೂಗಲ್ಲ. 162 ಸಲ ನಾಣ್ಯ ಚಿಮ್ಮಿದ್ದರೂ ಹೆಚ್ಚುಕಮ್ಮಿ ಇಷ್ಟೇ ಬರುತ್ತಿತ್ತು, ಸಂಬಳದ ಖರ್ಚು ಉಳಿಯುತ್ತಿತ್ತು. ಆದರೂ ಪ್ರಗತಿ ಇದೆ, ಇಲ್ಲ ಅನ್ನಬಾರದು. ವರ್ಷಕ್ಕೆ ಒಂದು ಗೆಲುವು. ಈ ಲೆಕ್ಕದಲ್ಲಿ ಮತ್ತೆ 107 ಮುಟ್ಟುವುದು 2051ಕ್ಕೆ. ಅಷ್ಟು ಹೊತ್ತಿಗೆ ಓಟಾನಿಯ ಉದ್ರಿ ತೀರಿ ಎಂಟು ವರ್ಷ ಆಗಿರುತ್ತೆ.

162ಕ್ಕೆ 81 ಅಂದರೆ ಶೇಕಡಾ 50, ನಮ್ಮ ಕಾಲೇಜಿನ ಭಾಷೆಯಲ್ಲಿ ಸೆಕೆಂಡ್ ಕ್ಲಾಸ್. ಅದಕ್ಕೇ ಇರಬೇಕು, ಹಳೇ ಮ್ಯಾನೇಜರನ್ನು ಕಳಿಸಿ ಟೆನೆಸಿ ಯೂನಿವರ್ಸಿಟಿಯಿಂದ ಕೋಚ್ ಒಬ್ಬರನ್ನು ಕರೆತಂದಿದ್ದಾರೆ. ಹೆಸರು ಟೋನಿ ವಿಟೆಲ್ಲೊ. ವೃತ್ತಿಪರ ತಂಡದಲ್ಲಿ ಆಡಿದವರೂ ಅಲ್ಲ, ಆಡಿಸಿದವರೂ ಅಲ್ಲ. ಟ್ಯೂಷನ್ ಕೊಡಿಸಿದರೆ ಫಸ್ಟ್ ಕ್ಲಾಸ್ ಬರಬಹುದು, ನೋಡೋಣ. ಇದನ್ನೆಲ್ಲ ಮಾಡುತ್ತಿರುವುದು ಬಸ್ಟರ್ ಪೋಸಿ. 2010, 2012, 2014ರ ಮೂರೂ ಕಪ್ ಗೆದ್ದಾಗ ಸ್ಟಂಪ್ ಹಿಂದೆ ಕೂರುವ ಕೀಪರ್ ಥರ ಕ್ಯಾಚರ್ ಆಗಿದ್ದವನು, ಈಗ ತಂಡ ಕಟ್ಟುವ ಯಜಮಾನ. ಅವನನ್ನು ಬೈಯಲು ಬಾಯಿ ತೆರೆದರೆ ನಾಲಿಗೆ ಬಿದ್ದುಹೋಗುತ್ತೆ ಅನ್ನೋ ಭಯ ನಮಗೆ. ದೇವರಿಗೆ ಬೈಯಬಾರದು, ಪೂಜಾರಿಗೆ ಬೈಯಬಹುದು. ಇಲ್ಲಿ ಇಬ್ಬರೂ ಒಬ್ಬನೇ. ಕಷ್ಟ.

ಹಾಗಾದ್ರೆ ಪಿಚರನ್ನು ಯಾಕೆ ತರಲ್ಲ? ಇಲ್ಲಿ ಮೊಣಕೈ ಬರುತ್ತೆ.

ಕ್ರಿಕೆಟ್‌ನಲ್ಲಿ ಬೌಲರನ ಮೊಣಕೈ 15 ಡಿಗ್ರಿಗಿಂತ ಜಾಸ್ತಿ ನೆಟ್ಟಗಾದರೆ ಅನುಮಾನ, ವಿಚಾರಣೆ, ಕ್ಯಾಮೆರಾ. ಬೇಸ್‌ಬಾಲ್‌ನಲ್ಲಿ ಮೊಣಕೈಯೇ ಬಂಡವಾಳ. ಮಡಚಿ, ತಿರುಚಿ, ಚಾಟಿ ಬೀಸಿದ ಹಾಗೆ ಬೀಸಬೇಕು. ಈಗಿನವರ ಸರಾಸರಿ ವೇಗದ ಚೆಂಡೇ ಗಂಟೆಗೆ 150 ಕಿಲೋಮೀಟರ್ ದಾಟಿದೆ. ಮೊಣಕೈ ಒಳಗಿನ ಪುಟ್ಟ ಕಟ್ಟು (ಲಿಗಮೆಂಟ್) ಎಷ್ಟು ದಿನ ತಡೆಯುತ್ತೆ? ಹರಿಯುತ್ತೆ. ಆಗ ಮುಂಗೈಯಿಂದಲೋ ಬೇರೆ ಕಡೆಯಿಂದಲೋ ಒಂದು ಸ್ನಾಯುರಜ್ಜು ತೆಗೆದು ಅಲ್ಲಿಗೆ ಕಟ್ಟುತ್ತಾರೆ. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಇದನ್ನು ಮೊದಲು ಮಾಡಿದ್ದು ಟಾಮಿ ಜಾನ್ ಅನ್ನೋ ಪಿಚರ್‌ಗೆ. ಆಪರೇಷನ್ನಿಗೆ ಅವನದೇ ಹೆಸರು ಬಿತ್ತು. 1976ರಲ್ಲಿ ಮೈದಾನಕ್ಕೆ ಮರಳಿದವನು 46 ವಯಸ್ಸಿನವರೆಗೆ ಆಡಿದ. ಈಗ ಅದು ಮಕ್ಕಳಿಗೆ ಕಿವಿ ಚುಚ್ಚಿಸುವ ಶಾಸ್ತ್ರದ ಹಾಗೆ. ಎಲ್ಲರ ಮನೆಯಲ್ಲೂ ಆಗುತ್ತೆ, ಆಗದವನನ್ನು ಕಂಡರೆ ‘ಇನ್ನೂ ಆಗಿಲ್ವಾ?’ ಅಂತ ಕೇಳ್ತಾರೆ. ಒಂದು ವರ್ಷ, ಒಂದೂವರೆ ವರ್ಷ ಮನೆಯಲ್ಲಿ. ಸಂಬಳ ನಿಲ್ಲಲ್ಲ.

ಹಣ ಹಾಕಿ ಕೈ ಸುಟ್ಟುಕೊಂಡವರ ಕತೆಯೂ ಇದೆ. 2019ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ತಂಡ ಸ್ಟೀಫನ್ ಸ್ಟ್ರಾಸ್‌ಬರ್ಗ್‌ಗೆ 7 ವರ್ಷಕ್ಕೆ 24.5 ಕೋಟಿ ಡಾಲರ್ ಬರೆದುಕೊಟ್ಟಿತು. ಪಾಪ, ಆಮೇಲೆ ಅವನ ಕೈಲಾದದ್ದು 8 ಪಂದ್ಯ. ಪಂದ್ಯಕ್ಕೆ 3 ಕೋಟಿ ಡಾಲರ್ ಬಿತ್ತು.

ಇಂಥದ್ದನ್ನೆಲ್ಲ ನೋಡಿ ನಮ್ಮವರು ಜಾಣರಾಗಿದ್ದಾರೆ. 2024ರ ಜನವರಿಯಲ್ಲಿ ರಾಬಿ ರೇಯನ್ನು ತಂದಾಗ ಅವನು ಟಾಮಿ ಜಾನ್ ಮಾಡಿಸಿಕೊಂಡು ಸುಧಾರಿಸಿಕೊಳ್ಳುತ್ತಿದ್ದ. ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಗಾಡಿಯನ್ನು ಗ್ಯಾರೇಜಿನಲ್ಲೇ ಕೊಂಡ ಹಾಗೆ. ರಸ್ತೆಗಿಳಿದಿದ್ದು ಜುಲೈನಲ್ಲಿ. ಅದೇ ವರ್ಷ ಮಾರ್ಚ್‌ನಲ್ಲಿ, ಎಲ್ಲರ ಪಾತ್ರೆ ತೊಳೆದಾದ ಮೇಲೆ, ಬ್ಲೇಕ್ ಸ್ನೆಲ್ ಉಳಿದಿದ್ದ. 2 ವರ್ಷಕ್ಕೆ 6.2 ಕೋಟಿ. ಬೇಕಾದರೆ ಒಂದೇ ವರ್ಷಕ್ಕೆ ಎದ್ದು ಹೋಗಬಹುದು ಅಂತ ಷರತ್ತು. ಮೊದಲ ತಿಂಗಳುಗಳಲ್ಲಿ ಹೊಡೆಸಿಕೊಂಡ, ಗಾಯ ಮಾಡಿಕೊಂಡ. ಆಗಸ್ಟ್ 2ರಂದು ಸಿನ್ಸಿನಾಟಿಯಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೆ ಇಡೀ ಪಂದ್ಯ ಎಸೆದ. ನಾನು ಅತ್ತುಬಿಟ್ಟೆ ಅಂದರೆ ನಂಬಿ. ನವೆಂಬರ್‌ನಲ್ಲಿ ಎದ್ದು ಹೋದ. ಎಲ್ಲಿಗೆ ಅಂತ ಕೇಳಬೇಡಿ. 5 ವರ್ಷ, 18.2 ಕೋಟಿ, ನೀಲಿ ಟೋಪಿ. ನಮ್ಮ ಮನೆಯಲ್ಲಿ ಬಾಣಂತನ ಮುಗಿಸಿಕೊಂಡು ದಾಯಾದಿ ಮನೆಗೆ ಹೋಗಿ ಅಡುಗೆ ಮಾಡಿದ ಹಾಗಾಯ್ತು.

ಆ ಜಾಗಕ್ಕೆ ಬಂದವನೇ 42ರ ಜಸ್ಟಿನ್ ವರ್ಲ್ಯಾಂಡರ್. ಒಂದು ವರ್ಷಕ್ಕೆ 1.5 ಕೋಟಿ. ದೊಡ್ಡ ಮನುಷ್ಯ, 2005ರಿಂದ ಎಸೆಯುತ್ತಿದ್ದಾನೆ, ಅವನನ್ನು ಆಡಿಕೊಳ್ಳೋಕೆ ನನಗೆ ಮನಸ್ಸಿಲ್ಲ. ಚೆನ್ನಾಗಿಯೇ ಎಸೆದ. ನಮ್ಮ ಬ್ಯಾಟಿನವರು ಮಾತ್ರ ಹಿರಿಯರಿಗೆ ಗೌರವ ಕೊಟ್ಟು ಸುಮ್ನೆ ನಿಂತಿದ್ದರು. ಮೊದಲ ಗೆಲುವು ಬಂದಿದ್ದು ಜುಲೈ 23ಕ್ಕೆ, ಅಷ್ಟರಲ್ಲಿ 8 ಸೋಲು. ವರ್ಷದ ಕೊನೆಗೆ 4 ಗೆಲುವು, 11 ಸೋಲು.

2025ರ ಕೊನೆಯ ಚಳಿಗಾಲದ ಬೇಡಿಕೆ ಪಟ್ಟಿ ಹೀಗಿತ್ತು. ಪಂದ್ಯ ಶುರು ಮಾಡೋಕೆ ಇಬ್ಬರು ಪಿಚರ್, ಕೊನೆಯ ಇನಿಂಗ್ಸ್ ಎಸೆದು ಮುಗಿಸೋಕೆ ಒಬ್ಬ. ಮುಗಿಸುವವರು ನಮ್ಮಲ್ಲೇ ಇದ್ದರು. ಟೈಲರ್ ರೋಜರ್ಸ್, ಕಮಿಲೊ ಡೊವಾಲ್ ಇಬ್ಬರನ್ನೂ 2025ರ ಜುಲೈ ಕೊನೆಗೆ ನ್ಯೂಯಾರ್ಕಿನ ಎರಡು ತಂಡಗಳಿಗೆ ಒಬ್ಬೊಬ್ಬರಂತೆ ಹಂಚಿದೆವು. ಇರಲಿ, ರ‍್ಯಾಂಡಿ ರೊಡ್ರಿಗಜ್ ಇದ್ದಾನಲ್ಲ ಅಂದುಕೊಂಡೆವು. ಅವನ ಮೊಣಕೈಗೂ ಕಿವಿ ಚುಚ್ಚಿಸುವ ಶಾಸ್ತ್ರ ಬಂತು. ಕೊನೆಯ ಇನಿಂಗ್ಸ್‌ಗೆ ಹೆಸರಾದ ಎಡ್ವಿನ್ ಡಿಯಾಸ್ ಡಿಸೆಂಬರ್‌ನಲ್ಲಿ ಖಾಲಿ ಇದ್ದ. 3 ವರ್ಷ, 6.9 ಕೋಟಿ. ಅಲ್ಲಿಗೇ ಹೋದ, ಅದೇ ಅಂಗಡಿಗೆ.

ಪಿಚರ್‌ಗಳಿಗೆ ದೊಡ್ಡ ದೊಡ್ಡ ಕರಾರು ಬರೆಯುವಾಗ ತುಂಬ ಹುಷಾರಾಗಿರ್ತೀವಿ ಅಂತ ನಮ್ಮ ಮಾಲೀಕರ ಕಡೆಯಿಂದ ಮಾತು ಬಂದಿದೆ. ಸ್ಟ್ರಾಸ್‌ಬರ್ಗ್ ಕತೆ ಗೊತ್ತಿರುವ ಯಾರೂ ತಪ್ಪು ಅನ್ನಲ್ಲ. ನಾನೂ ಅನ್ನಲ್ಲ. ನನ್ನ ಸ್ವಂತ ದುಡ್ಡಾಗಿದ್ದರೆ ಯಾರ ಮೊಣಕೈ ಮೇಲೂ ನೂರು ರೂಪಾಯಿ ಹಾಕ್ತಿರಲಿಲ್ಲ. ಡಾಡ್ಜರ್ಸ್‌ನವರ ಕೈಯೂ ಉಳಿಯಲ್ಲ, 2024ರ ಕಪ್ ಹೊತ್ತಿಗೆ ಪಂದ್ಯ ಶುರು ಮಾಡೋಕೆ ಅವರಲ್ಲಿ ಗಟ್ಟಿಯಾಗಿ ಉಳಿದವರು ಮೂರೇ ಜನ. ಆದರೆ ಅವರು ಮದುವೆ ಮನೆಯವರು. ಎಷ್ಟು ಎಲೆ ಹರಿದರೂ ಇನ್ನೊಂದು ಕಟ್ಟು ಒಳಗಿರುತ್ತೆ. ನಾವು ಐದು ಎಲೆ ತಂದು, ಮೂರು ಹರಿದು, ಮಿಕ್ಕವರಿಗೆ ತಟ್ಟೆ ತರಲು ಹೇಳುವವರು. ನನ್ನ ಮಾಲೀಕರು ಜಾಣರಾಗಿರಲಿ ಅಂತ ನನಗೆ ಆಸೆಯೇ ಇಲ್ಲ. ಬೇರೆಯವರ ದುಡ್ಡು, ಒಂದು ಸಲ ದಡ್ಡತನ ಮಾಡಲಿ ಅನ್ನೋದೇ ಆಸೆ.

ಹೋದ ಭಾನುವಾರ ಪಾರ್ಕಿನಲ್ಲಿ ಮಗಳಿಗೆ ಚೆಂಡು ಎಸೆಯುತ್ತಿದ್ದೆ. “ಅಪ್ಪ, ಜೋರಾಗಿ” ಅಂದಳು. ಯಮಮೊಟೊ ಹಾಗೆ ಕಾಲೆತ್ತಿ ಎಸೆದೆ. ಮೊಣಕೈಯಲ್ಲಿ ‘ಟಕ್’ ಅಂತು. ಸಂಜೆ ಐಸ್ ಇಟ್ಟುಕೊಂಡು ಕೂತಾಗ ಭಾಮೈದನ ವಿಡಿಯೊ ಕಾಲ್.

“ಏನ್ ಭಾವ, ಕೈಗೆ ಐಸು?”

“ಎಸೆಯೋಕೆ ಹೋಗಿ.”

“ಈಗ ವಯಸ್ಸೆಷ್ಟು ನಿಮಗೆ?”

“44.”

“ಅಯ್ಯೋ, ಎರಡು ವರ್ಷ ಲೇಟು. ಜೈಂಟ್ಸ್‌ನವರು 42ಕ್ಕೇ ತಗೊಳ್ತಿದ್ರು.” ನಕ್ಕ. “ಉದ್ರಿಗೆ ಆಡ್ತೀನಿ ಅಂದ್ರೆ ಹೇಳಿ, ನಮ್ಮವರನ್ನ ಕೇಳ್ತೀನಿ.”

ಫೋನ್ ಇಟ್ಟೆ, ಎಡಗೈಯಲ್ಲಿ. ಅದು ಇನ್ನೂ ಚೆನ್ನಾಗಿದೆ. ಎಡಗೈ ಪಿಚರ್‌ಗೆ ಬೆಲೆ ಜಾಸ್ತಿ ಅಂತಾರೆ.