ಬಾಡಿಗೆಗೆ ಬಂದ ಕಾಂಟ್ರಾಕ್ಟ್ ಪುಸ್ತಕ

ಕಾಂಟ್ರಾಕ್ಟ್ ಆಕ್ಟಿನ ದಪ್ಪ ಪುಸ್ತಕವೊಂದನ್ನು ಬಾಡಿಗೆಗೆ ತಂದಿದ್ದೆ. ಸೆಮಿಸ್ಟರ್ ಮುಗಿದ ಮೇಲೆ ವಾಪಸ್ ಕೊಡಲು ಹೋದರೆ ಅಂಗಡಿಯವರು ಕನ್ನಡಕ ಏರಿಸಿಕೊಂಡು ಒಂದೊಂದೇ ಹಾಳೆ ತಿರುವತೊಡಗಿದರು. ಪರೀಕ್ಷೆಯ ಹಿಂದಿನ ರಾತ್ರಿ ನಾನೂ ಅಷ್ಟು ಶ್ರದ್ಧೆಯಿಂದ ತಿರುವಿರಲಿಲ್ಲ. ಕೊನೆಗೂ ಒಂದು ಕಡೆ ಬೆರಳಿಟ್ಟರು.

“ಏನಪ್ಪಾ ಇದು?”

“ಪೆನ್ಸಿಲ್ ಗೆರೆ ಸಾರ್. ಉಜ್ಜಿದ್ರೆ ಹೋಗುತ್ತೆ.”

“ಗೀಚಬಾರದು ಅಂತ ಚೀಟೀಲೇ ಹಾಕಿದ್ದೀವಲ್ಲ. ಡಿಪಾಸಿಟ್‌ನಲ್ಲಿ ಹಿಡ್ಕೋತೀವಿ.”

“ಅರ್ಧ ಪುಸ್ತಕಕ್ಕೆ ಯಾರೋ ಹಳದಿ ಬಳಿದಿದ್ದಾರಲ್ಲ ಸಾರ್, ಅದು?”

“ಅದು ಮೊದಲೇ ಇತ್ತು.”

ಆ ಗೆರೆ ಇದ್ದದ್ದು ಎಲ್ಲಿ ಗೊತ್ತಾ? ಸೆಕ್ಷನ್ 151ರ ಕೆಳಗೆ. ಬೇಲ್‌ಮೆಂಟ್ ಅಧ್ಯಾಯ. ಒಬ್ಬರ ವಸ್ತು ಇನ್ನೊಬ್ಬರ ಕೈಯಲ್ಲಿದ್ದಾಗ ಅದನ್ನು ಎಷ್ಟು ಜೋಪಾನ ಮಾಡಬೇಕು ಅಂತ ಹೇಳುವ ಸೆಕ್ಷನ್. ಸಾಧಾರಣ ವಿವೇಕ ಇರುವ ಮನುಷ್ಯ ತನ್ನದೇ ವಸ್ತುವನ್ನು ಎಷ್ಟು ಜೋಪಾನ ಮಾಡುತ್ತಾನೋ ಅಷ್ಟು ಮಾಡಿದರೆ ಸಾಕು ಅನ್ನುತ್ತದೆ 1872ರ ಕಾಯ್ದೆ. ಸಾಧಾರಣ ವಿವೇಕದ ಲಾ ವಿದ್ಯಾರ್ಥಿ ತನ್ನ ಸ್ವಂತ ಪುಸ್ತಕವನ್ನು ಹೇಗೆ ಇಟ್ಟುಕೊಳ್ಳುತ್ತಾನೆ ಅಂತ ಯಾವ ಹಾಸ್ಟೆಲ್‌ಗೆ ಬೇಕಾದರೂ ಹೋಗಿ ನೋಡಬಹುದು. ಮೂಲೆ ಮಡಚಿರುತ್ತದೆ, ಬೆನ್ನು ಮುರಿದಿರುತ್ತದೆ, ರಾತ್ರಿ ತಲೆದಿಂಬೂ ಅದೇ. ಆ ಅಳತೆಯಲ್ಲಿ ನೋಡಿದರೆ ನಾನು ಈ ಪುಸ್ತಕವನ್ನು ಕೂಸಿನ ಹಾಗೆ ಸಾಕಿದ್ದೆ. ಇದನ್ನೆಲ್ಲ ಅಂಗಡಿಯವರಿಗೆ ಸೆಕ್ಷನ್ ಸಮೇತ ವಿವರಿಸಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡರು. “ಚೆನ್ನಾಗಿ ಓದಿದ್ದೀಯಪ್ಪಾ, ಒಳ್ಳೇದಾಗಲಿ” ಅಂದರು. ದುಡ್ಡು ಹಿಡಿದುಕೊಂಡರು.

ಅಷ್ಟು ಜೋಪಾನ ಮಾಡಿದ್ದರೆ ನಷ್ಟಕ್ಕೆ ಹೊಣೆಯಲ್ಲ ಅನ್ನುವ ಮುಂದಿನ ಸೆಕ್ಷನ್ 152ರಲ್ಲಿ ‘ವಿಶೇಷ ಕರಾರು ಇಲ್ಲದಿದ್ದರೆ’ ಅಂತ ಒಂದು ಬಾಲ ಇದೆ. ಅವರ ಚೀಟಿಯನ್ನು ಅಂಥ ವಿಶೇಷ ಕರಾರು ಅಂತ ವಾದಿಸಲು ಬೇಕಾದಷ್ಟು ಜಾಗ ಇತ್ತು. ಅದು ಅವರಿಗೆ ಗೊತ್ತಿರಲಿಲ್ಲ. ನಾನೂ ನೆನಪಿಸಲು ಹೋಗಲಿಲ್ಲ. ಎದುರು ಪಕ್ಷದ ವಾದವನ್ನೂ ನಾನೇ ಮಂಡಿಸಿದರೆ ಫೀಸು ಯಾರು ಕೊಡುತ್ತಾರೆ?

ಜೂನಿಯರ್ ಹುಡುಗಿಯೊಬ್ಬಳು ಕೇಳಿದ್ದಳು, ಲಾ ಪುಸ್ತಕಗಳ ಖರ್ಚು ಉಳಿಸೋದು ಹೇಗೆ ಅಂತ. ಅವಳಿಗೆ ಉತ್ತರ ಬರೆಯೋಣ ಅಂತಲೇ ಕೂತದ್ದು. ಉಪಾಯಗಳು ಇವೆ. ಹೇಳುತ್ತೇನೆ. ಆದರೆ ಆ ಹಳದಿ ಬಳಿದವನ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ.

ಅವನು ಯಾರೋ ಗೊತ್ತಿಲ್ಲ. ನನಗಿಂತ ಮುಂಚೆ ಆ ಪುಸ್ತಕವನ್ನು ಇಟ್ಟುಕೊಂಡಿದ್ದವನು. ಹೈಲೈಟರ್ ಇರುವುದು ಮುಖ್ಯವಾದ ಸಾಲನ್ನು ಉಳಿದ ಸಾಲುಗಳಿಂದ ಬೇರೆ ಮಾಡಲಿಕ್ಕೆ, ಅಲ್ವಾ? ಇವನು ಮೊದಲ ಅಧ್ಯಾಯದಲ್ಲಿ ಯಾವ ಸಾಲಿಗೂ ಬೇಜಾರು ಮಾಡಿಲ್ಲ. ಎಲ್ಲವೂ ಹಳದಿ. ಮುನ್ನುಡಿಯಲ್ಲಿ ಲೇಖಕರು ತಮ್ಮ ಹೆಂಡತಿ ಮಕ್ಕಳ ತಾಳ್ಮೆಗೆ ಋಣಿ ಎಂದು ಬರೆದಿರುವ ಸಾಲೂ ಹಳದಿ. ಅದು ಪರೀಕ್ಷೆಗೆ ಬರುತ್ತದೆ ಅಂತ ಯಾರು ಹೇಳಿದ್ದರೋ.

ಎರಡನೇ ಅಧ್ಯಾಯದ ಹೊತ್ತಿಗೆ ಅವನಿಗೆ ಸ್ವಲ್ಪ ವಿವೇಚನೆ ಬಂದಿತ್ತು. ಬಂದ ವಿವೇಚನೆ ಮಾತ್ರ ಉಲ್ಟಾ. ಯಾವ ಕೇಸು ತೆಗೆದುಕೊಂಡರೂ ಸೋತ ಪಕ್ಷದ ವಾದಕ್ಕೆ ದಟ್ಟವಾಗಿ ಬಳಿದಿದ್ದಾನೆ. ತೀರ್ಪಿನ ಸಾಲಿಗೆ ಒಂದು ಚುಕ್ಕೆಯನ್ನೂ ಇಟ್ಟಿಲ್ಲ. ಇವನ ಬಣ್ಣವನ್ನೇ ನಂಬಿ ಓದಿಕೊಂಡು ಹೋದವನು ಪ್ರತಿ ಪ್ರಶ್ನೆಗೂ ಸೋತ ವಕೀಲನ ಉತ್ತರ ಬರೆದು ಬರಬೇಕಾಗುತ್ತದೆ. ಬೇರೆಯವರ ಹೈಲೈಟ್ ಇರುವ ಪುಸ್ತಕದ ದೊಡ್ಡ ತೊಂದರೆ ಇದೇ. ಕಣ್ಣು ನಾವು ಬೇಡ ಅಂದರೂ ಬಣ್ಣ ಇರುವ ಕಡೆಗೇ ಓಡುತ್ತದೆ. ದಿನವಿಡೀ ಯಾರೋ ಭುಜದ ಮೇಲಿಂದ ಬಗ್ಗಿ “ಇದನ್ನ ಓದು, ಇದನ್ನ ಓದು” ಅಂತ ಪಿಸುಗುಟ್ಟಿದರೆ ಎಷ್ಟು ರೇಗಬೇಡ!

ಅಷ್ಟರಲ್ಲಿ ಅಂಚಿನ ಬರಹ ಶುರುವಾಯಿತು. 1913ರ ಲಾಲ್‌ಮನ್ ಶುಕ್ಲಾ ಕೇಸು. ಮನೆಯ ಹುಡುಗ ಕಾಣೆಯಾಗುತ್ತಾನೆ. ಯಜಮಾನ ತನ್ನ ಮುನೀಮ ಲಾಲ್‌ಮನ್‌ನನ್ನು ಹುಡುಕಲು ಹರಿದ್ವಾರಕ್ಕೆ ಕಳಿಸುತ್ತಾನೆ. ಅವನು ಅತ್ತ ಹೋದ ಮೇಲೆ ಇತ್ತ 501 ರೂಪಾಯಿ ಬಹುಮಾನ ಅಂತ ಕರಪತ್ರ ಹಂಚುತ್ತಾರೆ. ಹುಡುಗನನ್ನು ಹುಡುಕಿದವನು ಲಾಲ್‌ಮನ್. ಆದರೆ ಹುಡುಕುವಾಗ ಬಹುಮಾನದ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಗೊತ್ತೇ ಇಲ್ಲದ ಪ್ರಸ್ತಾಪವನ್ನು ಒಪ್ಪಿಕೊಳ್ಳಲು ಬರುವುದಿಲ್ಲ, ಆದ್ದರಿಂದ ದುಡ್ಡು ಇಲ್ಲ ಅಂದಿತು ಅಲಹಾಬಾದ್ ಹೈಕೋರ್ಟ್. ಇದರ ಪಕ್ಕದಲ್ಲಿ ನಮ್ಮ ಮಹಾಶಯ ನೀಲಿ ಇಂಕಿನಲ್ಲಿ, ಹಾಳೆಯ ಹಿಂಬದಿಗೂ ಅಚ್ಚೊತ್ತುವಷ್ಟು ಒತ್ತಿ ಬರೆದಿದ್ದಾನೆ: ‘ಅನ್ಯಾಯ!!’ ಎರಡು ಆಶ್ಚರ್ಯಸೂಚಕ. ಆ ಪುಟ ನೋಡಿದಾಗ ಮೊದಲ ಸಲ ಅವನ ಮೇಲೆ ಸ್ವಲ್ಪ ಪ್ರೀತಿ ಬಂತು. ಅನ್ಯಾಯವೇ ತಾನೆ?

ಮುಂದೆ 1903ರ ಮೋಹೊರಿ ಬೀಬಿ ಕೇಸು. ವಯಸ್ಸು ತುಂಬದ ಧರ್ಮೋದಾಸ್ ಘೋಷ್ ಆಸ್ತಿ ಅಡವಿಟ್ಟು ಸಾಲ ಎತ್ತುತ್ತಾನೆ. ಆಮೇಲೆ ನಾನು ಆಗ ಅಪ್ರಾಪ್ತ, ಅಡಮಾನ ರದ್ದು ಮಾಡಿ ಅಂತ ಕೋರ್ಟಿಗೆ ಬರುತ್ತಾನೆ. ಕೇಸು ಆಗಿನ ಕೊನೆಯ ಮೇಲ್ಮನವಿ ಕೋರ್ಟಾದ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಗುತ್ತದೆ. ಅಪ್ರಾಪ್ತನ ಕರಾರು ಕರಾರೇ ಅಲ್ಲ, ಸಾಲ ವಾಪಸ್ ಮಾಡು ಅನ್ನಲೂ ಬರುವುದಿಲ್ಲ ಅಂತ ತೀರ್ಮಾನವಾಗುತ್ತದೆ. ಅಂಚಿನಲ್ಲಿ: ‘ಭಾರೀ ಹುಡುಗ’. ಅದಾದ ಮೇಲೆ 1919ರ ಬಾಲ್ಫರ್ ಕೇಸು. ಸಿಲೋನಿಗೆ ಹೊರಟ ಗಂಡ ಇಂಗ್ಲೆಂಡಿನಲ್ಲೇ ಉಳಿದ ಹೆಂಡತಿಗೆ ತಿಂಗಳಿಗೆ 30 ಪೌಂಡ್ ಕೊಡುತ್ತೇನೆ ಅಂದಿರುತ್ತಾನೆ. ಕೊಡುವುದು ನಿಲ್ಲುತ್ತದೆ. ಗಂಡ ಹೆಂಡಿರ ಇಂಥ ಮಾತು ಕಾನೂನಿನ ಕರಾರಲ್ಲ ಅಂತ ಕೋರ್ಟು ಹೇಳುತ್ತದೆ. ಇಲ್ಲಿ ಅವನು ಬರೆದದ್ದು: ‘ಅಮ್ಮನಿಗೆ ಹೇಳಬಾರದು’.

ಯಾಕೆ ಹೇಳಬಾರದು? ಅವರಪ್ಪ ಏನು ಮಾತು ಕೊಟ್ಟಿದ್ದರು? ಇದನ್ನು ಯೋಚಿಸುತ್ತಾ ನನ್ನ ಒಂದು ಸಂಜೆ ಪೂರ್ತಿ ಹೋಯಿತು. ಬಾಲ್ಫರ್ ಕೇಸಿನ ತತ್ವ ಎರಡು ಸಾಲಿನದು. ಆ ಎರಡು ಪದಗಳಿಗೆ ಟಿಪ್ಪಣಿ ಬರೆದರೆ ಒಂದು ಸಂಪುಟವಾದೀತು.

ಸೆಕ್ಷನ್ 56ರ ಹತ್ತಿರ ಹಳದಿ ನಿಂತುಹೋಗುತ್ತದೆ. ಮಾಡಲು ಅಸಾಧ್ಯವಾದ ಕೆಲಸದ ಕರಾರು ಅನೂರ್ಜಿತ ಅನ್ನುವ ಸೆಕ್ಷನ್ ಅದು. ಅರ್ಧ ಸಾಲಿಗೆ ಬಳಿದು ಅಲ್ಲೇ ಬಿಟ್ಟಿದ್ದಾನೆ. ಇಂಕು ಮುಗಿಯಿತೋ, ಪರೀಕ್ಷೆ ಬಂತೋ, ಅಸಾಧ್ಯ ಅನ್ನಿಸಿತೋ. ಅಲ್ಲಿಂದಾಚೆ ಪುಸ್ತಕ ಹೊಚ್ಚ ಹೊಸದು. ಅದಕ್ಕೇ ನನ್ನ ಬಡಪಾಯಿ ಪೆನ್ಸಿಲ್ ಗೆರೆ ಅಂಗಡಿಯವರ ಕಣ್ಣಿಗೆ ಅಷ್ಟು ಢಾಳಾಗಿ ಬಿದ್ದದ್ದು. ಹಳದಿಯ ನಡುವೆ ಎಲ್ಲಾದರೂ ಎಳೆದಿದ್ದರೆ ದೇವರಾಣೆಗೂ ಗೊತ್ತಾಗುತ್ತಿರಲಿಲ್ಲ.

ಸರಿ, ಉಪಾಯಗಳು. ಸೀನಿಯರ್‌ಗಳ ಹತ್ತಿರ ಹಳೆ ಪುಸ್ತಕ ಕೇಳು ಅಂತ ಎಲ್ಲರೂ ಹೇಳುತ್ತಾರೆ. ಕೇಳಬಹುದು. ನಮ್ಮ ಸೀನಿಯರ್ ಒಬ್ಬರು ಒಂದು ಪೆನ್ನು ಕೇಳಿದರೂ ಕ್ಯಾಪ್ ತಮ್ಮ ಹತ್ತಿರ ಇಟ್ಟುಕೊಂಡು ಕೊಡುವವರು. ಅಂಥವರು ಒಂದು ದಿನ ತಾವಾಗಿಯೇ ಕರೆದು ಐಪಿಸಿ ಪುಸ್ತಕವನ್ನು ಪುಕ್ಕಟೆ ಕೈಗಿಟ್ಟರು. 2024ರ ಜುಲೈ 1 ಕಳೆದಿತ್ತು ಅಂತ ಬೇರೆ ಹೇಳಬೇಕೆ? 1860ರಿಂದ ಇದ್ದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿತ್ತು. 511 ಸೆಕ್ಷನ್ ಇದ್ದದ್ದು 358 ಆಯಿತು. ಕೊಲೆಗೆ 302 ಅಂತ ಸಿನಿಮಾ ನೋಡಿಯೇ ಬಾಯಿಪಾಠ ಆಗಿತ್ತು, ಈಗ 103. ದಾನ ಮಾಡಿದ ಹೆಮ್ಮೆಯಲ್ಲಿ ಅವರು ಇವತ್ತಿಗೂ ಕ್ಯಾಂಟೀನಿನಲ್ಲಿ ನನ್ನನ್ನು ಕಂಡರೆ “ಪುಸ್ತಕ ಉಪಯೋಗ ಆಯ್ತೇನೋ?” ಅನ್ನುತ್ತಾರೆ.

ಉಪಯೋಗ ಇಲ್ಲವೇ ಇಲ್ಲ ಅನ್ನುವ ಹಾಗೂ ಇಲ್ಲ, ಅದೇ ಸಂಕಟ. ಆ ತಾರೀಖಿಗೆ ಮುಂಚೆ ಆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯ. ಆ ಕೇಸುಗಳು ಇನ್ನೂ ಎಷ್ಟು ವರ್ಷ ಎಳೆಯುತ್ತವೆ ಅಂತ ನಮ್ಮ ಕೋರ್ಟುಗಳನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಅಂದರೆ ಎರಡೂ ಪುಸ್ತಕ ಬೇಕು. ಉಳಿತಾಯ ಎಲ್ಲಿ ಬಂತು?

ಕ್ರಿಮಿನಲ್ ಕಾನೂನಾದರೆ ನಿಜವಾಗಿ ಬದಲಾಯಿತು, ಹೊಸ ಪುಸ್ತಕ ಬೇಕು, ಒಪ್ಪೋಣ. 1872ರ ಕಾಂಟ್ರಾಕ್ಟ್ ಆಕ್ಟಿಗೆ ಪದೇ ಪದೇ ಹೊಸ ಆವೃತ್ತಿ ಯಾಕೆ? ಎರಡು ಹೊಸ ತೀರ್ಪು ಸೇರಿಸಿ, ರಕ್ಷಾಪುಟದ ಬಣ್ಣ ಬದಲಾಯಿಸಿ, ಎಲ್ಲ ಪುಟಸಂಖ್ಯೆಗಳನ್ನು ಏಳೆಂಟು ಮುಂದಕ್ಕೆ ತಳ್ಳಿದರೆ ಆಯಿತು. ಆಮೇಲೆ ಕ್ಲಾಸಿನಲ್ಲಿ “ಪೇಜ್ ನಂಬರ್ 214 ತೆಗೀರಿ” ಅನ್ನುತ್ತಾರೆ. ಹೊಸ ಪುಸ್ತಕ ಇದ್ದವರು ತೆಗೆಯುತ್ತಾರೆ. ನಾವು ಹಳೇ ಪುಸ್ತಕದವರು ಪಕ್ಕದವರನ್ನು ಇಣುಕುತ್ತಾ ಹುಡುಕಾಡುವಷ್ಟರಲ್ಲಿ ಅವರು 216ರಲ್ಲಿರುತ್ತಾರೆ. ಸೆಕ್ಷನ್ ನಂಬರ್ ಹೇಳಿದರೆ ಏನು ಗಂಟು ಹೋಗುತ್ತದೆ? 1872ರಿಂದ ಅದು ಅಲ್ಲೇ ಕೂತಿದೆ. ಈ ಮಾತು ಹೇಳುವಾಗ ನನ್ನ ದನಿ ಜೋರಾಗುತ್ತದೆ ಅಂತ ಗೆಳೆಯರು ದೂರುತ್ತಾರೆ. ಆಗಲಿ ಬಿಡಿ.

ಹಾಗೆ ನೋಡಿದರೆ ಕಾನೂನು ಪುಕ್ಕಟೆ. ಕಾಯ್ದೆಗಳು ಸರ್ಕಾರದ ‘ಇಂಡಿಯಾ ಕೋಡ್’ ತಾಣದಲ್ಲಿವೆ. ಸುಪ್ರೀಂ ಕೋರ್ಟಿನ ತೀರ್ಪುಗಳು 2023ರಿಂದ ಕೋರ್ಟಿನದೇ ಇ-ಎಸ್‌ಸಿಆರ್ ತಾಣದಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ದುಡ್ಡು ಹೋಗುವುದು ಅದನ್ನು ಅರ್ಥ ಮಾಡಿಕೊಳ್ಳಲಿಕ್ಕೆ.

ಇನ್ನು ಜೆರಾಕ್ಸ್. ದೆಹಲಿ ವಿಶ್ವವಿದ್ಯಾಲಯದ ಆವರಣದ ಜೆರಾಕ್ಸ್ ಅಂಗಡಿಯೊಂದರ ಮೇಲೆ 2012ರಲ್ಲಿ ದೊಡ್ಡ ದೊಡ್ಡ ಪ್ರಕಾಶಕರು ಕೇಸು ಹಾಕಿದ್ದರು. ಪುಸ್ತಕಗಳ ಆಯ್ದ ಪುಟಗಳನ್ನು ಕೋರ್ಸ್ ಪ್ಯಾಕ್ ಮಾಡಿ ವಿದ್ಯಾರ್ಥಿಗಳಿಗೆ ಮಾರುತ್ತಿದ್ದಾರೆ ಅಂತ. ಪಾಠಕ್ಕಾಗಿ ಹಾಗೆ ಪ್ರತಿ ಮಾಡಲು ಕಾಪಿರೈಟ್ ಕಾಯ್ದೆಯೇ ಅವಕಾಶ ಕೊಟ್ಟಿದೆ ಅಂದಿತು ದೆಹಲಿ ಹೈಕೋರ್ಟ್, 2016ರಲ್ಲಿ. ಮರುವರ್ಷ ಪ್ರಕಾಶಕರು ಕೇಸನ್ನೇ ಹಿಂತೆಗೆದುಕೊಂಡರು. ಇಡೀ ಪುಸ್ತಕವನ್ನು ಸುಮ್ನೆ ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿಕೊಳ್ಳಿ ಅಂತ ಇದರ ಅರ್ಥವಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಕೈಯಿಂದ ಕೈಗೆ ಓಡಾಡುವ ಕಾಪಿರೈಟ್ ಕಾನೂನಿನ ಪುಸ್ತಕ ಮಾತ್ರ ಸ್ಪೈರಲ್ ಹಾಕಿದ್ದೇ. ಈ ತೀರ್ಪು ಇರುವ ಪುಟದಲ್ಲಿ ಜೆರಾಕ್ಸ್ ಮಾಡಿದವನ ಹೆಬ್ಬೆರಳೂ ಬಿದ್ದಿದೆ.

ಉಳಿದದ್ದು ಲೈಬ್ರರಿ. ಬೇಕಾದ ಪುಸ್ತಕದ ಒಂದೇ ಪ್ರತಿ ಇರುತ್ತದೆ. ಅದರ ಮೇಲೆ ‘ಹೊರಗೆ ಕೊಡುವುದಿಲ್ಲ’ ಅಂತ ಚೀಟಿ ಇರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಯಾರಾದರೂ ಒಬ್ಬ ಜಾಣ ಅದನ್ನು ಬೇರೆ ಕಪಾಟಿನಲ್ಲಿ ಬಚ್ಚಿಡುತ್ತಾನೆ. ಹೆಚ್ಚಾಗಿ ಇನ್‌ಕಮ್ ಟ್ಯಾಕ್ಸ್ ಕಪಾಟಿನಲ್ಲಿ, ಯಾಕೆಂದರೆ ಆ ಕಡೆ ಯಾರೂ ಸುಳಿಯುವುದಿಲ್ಲ. ಈ ಗುಟ್ಟು ನನಗೊಬ್ಬನಿಗೇ ಗೊತ್ತು ಅಂದುಕೊಂಡು ಮೊನ್ನೆ ಹೋದರೆ ನಾಲ್ಕೈದು ಜನ ಆಗಲೇ ಅಲ್ಲಿ ನಿಂತು, ಟ್ಯಾಕ್ಸ್ ಅಂದರೆ ಪ್ರಾಣ ಅನ್ನುವವರಂತೆ ಪುಟ ತಿರುವುತ್ತಿದ್ದರು. ಅವರಲ್ಲಿ ಆ ಜೂನಿಯರ್ ಹುಡುಗಿಯೂ ಇದ್ದಳು.