ಸರ್ಪಸುತ್ತು: ತಲೆ, ಬಾಲ ಸೇರಿದರೆ ಸಾವು ಎಂಬುದು ಸುಳ್ಳು

ಮಂಡ್ಯ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಹರಿದಾಡುತ್ತಿದೆ: "ಸರ್ಪಸುತ್ತಿನ ತಲೆ, ಬಾಲ ಸೇರಿದರೆ ಜೀವ ಹೋಗುತ್ತದೆ. ಕೆಮ್ಮಣ್ಣು ಹಚ್ಚಿ ಸಾಕು, ಆಸ್ಪತ್ರೆ ಬೇಡ."

ತಲೆ, ಬಾಲ ಅಂದರೆ ಮೈಮೇಲಿನ ಗುಳ್ಳೆಗಳ ಸಾಲಿನ ಎರಡು ತುದಿ. ಈ ಮಾತು ನಿಜವಲ್ಲ. ಈ ಕಾಯಿಲೆಗೂ ಹಾವಿಗೂ ಸಂಬಂಧವೇ ಇಲ್ಲ. ಚಿಕ್ಕಂದಿನಲ್ಲಿ ಅಮ್ಮ ಆಗಿತ್ತಲ್ಲ, ಆ ಚಿಕನ್ ಪಾಕ್ಸ್ ವೈರಸ್ ಗುಣವಾದ ಮೇಲೂ ನರದ ಬುಡದಲ್ಲಿ ಅಡಗಿರುತ್ತದೆ. ವಯಸ್ಸಾದಾಗ, ಮೈಯ ರೋಗ ತಡೆಯುವ ಶಕ್ತಿ ಕುಗ್ಗಿದಾಗ ಮತ್ತೆ ಏಳುತ್ತದೆ. ನರದ ದಾರಿಯಲ್ಲೇ ಹರಡುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ಮೈಯ ಒಂದೇ ಬದಿಗೆ, ಪಟ್ಟಿಯಂತೆ ಬರುತ್ತವೆ. ಅಪರೂಪಕ್ಕೆ ಎರಡೂ ಬದಿಗೆ ಬಂದರೂ, ಸುತ್ತು ಸೇರಿತು ಅಂತ ಜೀವ ಹೋಗುವುದಿಲ್ಲ.

ಗುಳ್ಳೆ ಏಳುವ ಮೊದಲೇ ಕೆಲವು ದಿನ ಆ ಜಾಗ ಉರಿಯಬಹುದು, ಚುಚ್ಚಬಹುದು. ಬಟ್ಟೆ ತಾಗಿದರೂ ನೋವು. ಗ್ಯಾಸ್ ಇರಬೇಕು ಎಂದು ಸುಮ್ನೆ ಇದ್ದುಬಿಡಬೇಡಿ.

ಕೆಮ್ಮಣ್ಣಿಗೆ ವೈರಸ್ ಸಾಯುವುದಿಲ್ಲ. ಒಡೆದ ಗುಳ್ಳೆ ಕೀವಾಗಬಹುದು ಅಷ್ಟೇ. ನನಗೆ ಜಾಸ್ತಿ ಸಂಕಟವಾಗುವುದು ಹೀಗೆ ಕಳೆದುಹೋಗುವ ದಿನಗಳ ಬಗ್ಗೆ. ಅಸೈಕ್ಲೋವಿರ್‌ನಂಥ, ವೈರಸ್ ತಡೆಯುವ ಮಾತ್ರೆಯನ್ನು ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು. ತಡವಾಗಿದ್ದರೂ ಆಸ್ಪತ್ರೆಗೆ ಹೋಗಿ. ಮಂಡ್ಯದಲ್ಲಿ ಮಿಮ್ಸ್, ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ ಇವೆ ಅಲ್ವಾ? ಕಣ್ಣಿನ ಹತ್ತಿರವೋ ಮೂಗಿನ ತುದಿಯಲ್ಲೋ ಗುಳ್ಳೆ ಕಂಡರೆ ಅವತ್ತೇ ಹೋಗಿ. ದೃಷ್ಟಿಗೇ ಅಪಾಯವಾಗಬಹುದು.